ಅತ್ತೆಯ ಕೋಲು, ನನ್ನ ರೀಲು

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ನಾನಾಗ ನೆಲ್ಯಹುದಿಕೇರಿಯ ಹತ್ತಿರ, ಕಾವೇರಿಯ ದಡಕ್ಕೆ ಅಂಟಿಕೊಂಡಂತಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಎಸ್ಟೇಟಿನ ರೈಟರೆಂದರೆ ಕಥೆ ಕವನ ಬರೆಯುವವನಲ್ಲ. ಇವತ್ತು ಕೂಲಿಲೈನಿನಿಂದ ಎಷ್ಟು ಆಳು ಬಂದರು, ಯಾರು ಯಾವ ಕಡೆ ಹಣ್ಣು ಪಿಕಿಂಗ್ ಮಾಡಿದರು, ಯಾರಿಗೆ ಜ್ವರ, ಯಾರು ಜ್ವರವೆಂದು ಹೇಳಿ ಸಂತೆಗೆ ಹೋದರು ಎಂದು ಚೆಕ್‌ರೋಲಿನಲ್ಲಿ ಬರೆಯುವವನು. ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು, ಹೆಂಡತಿ, ಮತ್ತು ಮೂರ್ನಾಡಿನ ಕಡೆಯಿಂದ ಮಗಳನ್ನು ನೋಡಿಹೋಗಲು ಬಂದು ಅಲ್ಲೇ ಉಳಿದುಬಿಟ್ಟ ಅತ್ತೆ, ಇಷ್ಟೇ ನಮ್ಮ ಸಂಸಾರ.

ಎಸ್ಟೇಟಿನ ದೊರೆ ಒಬ್ಬ ವಯಸ್ಸಾದ ಬಿಳಿಯ. ಭಾನುವಾರ ಅವರು ಆಫೀಸಿಗೆ ಬರುತ್ತಿರಲಿಲ್ಲ, ಹೊಳೆಗೆ ಹೋಗುತ್ತಿದ್ದರು. ಸೋಮವಾರದ ಟಪಾಲಿಗೆ ಸಹಿ ಬೇಕಿದ್ದರೆ ನಾನು ಕಾಗದದ ಕಟ್ಟನ್ನು ಹಿಡಿದುಕೊಂಡು ಅವರು ನಿಂತಿರುತ್ತಿದ್ದ ಬಂಡೆಯವರೆಗೆ ಹೋಗಬೇಕಿತ್ತು. ಅಲ್ಲಿ ನಾನು ಮೊದಲ ಸಲ ಗರಿಯ ಹುಳುವಿನಿಂದ ಮೀನು ಹಿಡಿಯುವುದನ್ನು ನೋಡಿದೆ. ನಮ್ಮ ಕಡೆ ಗಾಳ ಹಾಕುವವರು ಎರೆಹುಳು ಸಿಕ್ಕಿಸಿ, ಕಲ್ಲು ಕಟ್ಟಿ, ನೀರಿಗೆಸೆದು ಬೀಡಿ ಹಚ್ಚುತ್ತಾರೆ. ಇವರ ಕೊಕ್ಕೆಗೆ ಕಟ್ಟಿದ್ದು ಒಂದು ಚೂರು ಕೋಳಿಗರಿ, ಮೀನಿನ ಕಣ್ಣಿಗೆ ಹುಳುವಿನಂತೆ ಕಾಣುವ ಹಾಗೆ. ಅದಕ್ಕೆ ತೂಕವೇ ಇಲ್ಲ. ತೂಕವೆಲ್ಲ ದಾರದಲ್ಲಿ. ಆ ದಪ್ಪ ರೇಷ್ಮೆ ದಾರ ಅವರ ತಲೆಯ ಹಿಂದಕ್ಕೆ ಹಾರಿ, ಒಂದು ಕ್ಷಣ ಗಾಳಿಯಲ್ಲಿ ಉದ್ದಕ್ಕೆ ಮಲಗಿ, ಮತ್ತೆ ಮುಂದಕ್ಕೆ ಬಂದು ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ನಾನು ಸಹಿಯಾದ ಕಾಗದವನ್ನು ಹಿಡಿದುಕೊಂಡು ಬೇಕೆಂದೇ ನಿಧಾನ ಮಾಡುತ್ತಿದ್ದೆ.

ಒಂದು ಭಾನುವಾರ ಕಾಗದ ಬಹಳ ಇತ್ತು. ದೊರೆ ಬಂಡೆಯ ಮೇಲೆ ಕುಳಿತು ಸಹಿ ಹಾಕುವಾಗ ಕೋಲನ್ನು ನನ್ನ ಕೈಗೆ ಕೊಟ್ಟರು. ಹುಳು ಇನ್ನೂ ನೀರಿನಲ್ಲಿತ್ತು. ಸುಮ್ಮನೆ ಹಿಡಿದುಕೊಂಡಿರು, ಏನೂ ಮಾಡಬೇಡ ಎಂದರು. ನಾನು ಏನೂ ಮಾಡಲಿಲ್ಲ. ಮಾಡಿದ್ದು ಮೀನು. ಕೋಲಿನ ತುದಿ ಒಮ್ಮೆ ತಲೆಬಾಗಿತು, ದಾರ ಸುತ್ತಿದ್ದ ರೀಲು ಜೀರುಂಡೆಯಂತೆ ಕಿರುಚಿತು, ದಾರ ನನ್ನ ಬೆರಳುಗಳ ನಡುವೆ ಬಿಸಿಯಾಗಿ ಓಡತೊಡಗಿತು. ಓಡಿಹೋಗುತ್ತಿರುವ ಯಾವುದನ್ನಾದರೂ ಹಿಡಿದು ನಿಲ್ಲಿಸಬೇಕೆನ್ನುವುದು ರೈಟರ ಬುದ್ಧಿ. ಎರಡೂ ಕೈಯಿಂದ ರೀಲನ್ನು ಅಮುಕಿ ಹಿಡಿದೆ. ಟಪ್ಪೆಂದು ತುದಿಯ ಎಳೆ ಹರಿಯಿತು. ಮೀನೂ ಹೋಯಿತು, ದೊರೆ ತಾವೇ ಕಟ್ಟಿದ ಹುಳುವೂ ಹೋಯಿತು.

ಅವರು ಬೈಯಲಿಲ್ಲ. ಉಳಿದ ಕಾಗದಗಳಿಗೆ ಸಹಿ ಹಾಕಿ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಇನ್ನು ನಿನಗೆ ನಿನ್ನದೇ ಒಂದು ಕೋಲು ಬೇಕಾಗುತ್ತದೆ, ನನ್ನದನ್ನು ಮಾತ್ರ ಕೇಳಬೇಡ ಎಂದರು. ಅವರ ಮಾತು ನಿಜವಾಗಿತ್ತು. ಆ ಮೀನು ಎಳೆದದ್ದು ನನ್ನ ಮೊಣಕೈಯಲ್ಲಿ ಒಂದು ವಾರ ಇತ್ತು. ಚೆಕ್‌ರೋಲು ಬರೆಯುವಾಗ ಪೆನ್ನು ತಾನಾಗಿ ಹಿಂದಕ್ಕೂ ಮುಂದಕ್ಕೂ ಬೀಸತೊಡಗಿತು. ಆಫೀಸಿನ ಗೋಡೆಗೆ ಮಸಿ ಹಾರಿದ ಮೇಲೆ ಸಂಗತಿಯನ್ನು ಮನೆಯಲ್ಲಿ ಹೇಳಲೇಬೇಕೆಂದು ತೀರ್ಮಾನಿಸಿದೆ.

ಮನೆಯ ದುಡ್ಡು ಹೆಂಡತಿಯ ಬಳಿ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಇರುತ್ತಿತ್ತು. ಆ ವರ್ಷ ಪಿಕಿಂಗ್ ಮುಗಿದ ಮೇಲೆ ಬಂದ ಬೋನಸ್ಸಿನಲ್ಲಿ ಎಲ್ಲ ಖರ್ಚು ಕಳೆದು ಉಳಿದಿದ್ದು ಒಂದು ಹಂದಿಮರಿ ಕೊಳ್ಳುವಷ್ಟು. ಸಾಕಲು ಒಂದು ಮರಿ ತರುವುದೆಂದು ಆಗಲೇ ನಿಶ್ಚಯವಾಗಿ, ಹಿತ್ತಲಲ್ಲಿ ಗೂಡಿಗೆ ಗೂಟವನ್ನೂ ನೆಟ್ಟಾಗಿತ್ತು. ಅಂದರೆ ನನ್ನ ಕೋಲಿನ ಬಜೆಟ್ಟು ಒಂದು ಹಂದಿಮರಿ. ನಾನು ವಿಷಯವನ್ನು ಸುತ್ತಿ ಬಳಸಿ ಹೇಳಿದೆ. ಹೊಳೆ ಪಕ್ಕದಲ್ಲೇ ಇದೆ, ಮೀನು ಬಿಟ್ಟಿ, ಇತ್ಯಾದಿ. ಹೆಂಡತಿ ಅಕ್ಕಿ ಆರಿಸುತ್ತ ಕೊನೆಯವರೆಗೂ ಕೇಳಿದಳು.

"ಹಂದಿಮರಿ ವರ್ಷಕ್ಕೆ ಹಂದಿ ಆದೆ. ನಿಮ್ಮ ಕೋಲು ವರ್ಷಕ್ಕೆ ಎಂಥ ಆದೆ?" ಎಂದಳು, ತವರಿನ ಅರೆಭಾಷೆಯಲ್ಲಿ.

ಕೋಲು ವರ್ಷ ಕಳೆದರೂ ಕೋಲೇ ಆಗಿರುತ್ತದೆ. ಒಲೆಯ ಮುಂದೆ ಕುಳಿತಿದ್ದ ಅತ್ತೆ, ಅಷ್ಟು ಹೊತ್ತು ಕೇಳದವರಂತೆ ಇದ್ದವರು, ಗರಿಯನ್ನು ನುಂಗುವ ಮೀನು ಯಾವುದು ಎಂದು ಕೇಳಿದರು. ಅತ್ತೆಗೆ ಮೀನಿನ ವಿಷಯದಲ್ಲಿ ಸ್ವಂತ ಅಭಿಪ್ರಾಯಗಳಿದ್ದವು. ಮೂರ್ನಾಡಿನ ಗದ್ದೆಗಳಲ್ಲಿ ಮಳೆಗಾಲದಲ್ಲಿ ನೀರು ಹಾಯುವ ತೂಬಿಗೆ ಕೂಳಿ ಒಡ್ಡುತ್ತಾರೆ. ಒಳಗೆ ಹೋದ ಮೀನು ಹೊರಗೆ ಬಾರದಂತೆ ಬಿದಿರಿನಲ್ಲಿ ಹೆಣೆದ ಬುಟ್ಟಿ ಅದು. ಆ ಸುತ್ತಿನಲ್ಲಿ ಅತ್ತೆ ಹೆಣೆದ ಕೂಳಿಯಷ್ಟು ಬಾಳಿಕೆ ಬರುವ ಕೂಳಿ ಇನ್ನೊಂದಿರಲಿಲ್ಲವಂತೆ. ಇದನ್ನು ಹೇಳಿದವರೂ ಅತ್ತೆಯೇ. ಗರಿಗೆ ಮೀನು ಬರುತ್ತದೆಯೆಂದು ಅವರು ನಂಬಲಿಲ್ಲ, ಆದರೆ ನೋಡಬೇಕು ಎಂದರು. ಆ ಒಂದು ಮಾತಿನಿಂದ ಡಬ್ಬಿಯ ಮುಚ್ಚಳ ತೆರೆಯಿತು.

ದೊರೆ ತಮ್ಮ ಹಳೆಯ ಕ್ಯಾಟಲಾಗೊಂದನ್ನು ಓದಲು ಕೊಟ್ಟರು. ಅದರಲ್ಲಿದ್ದ ಅತ್ಯಂತ ಅಗ್ಗದ ಕೋಲಿನ ಬೆಲೆಗೆ ಹಂದಿಮರಿಯನ್ನು ಅದರ ತಾಯಿ, ಚಿಕ್ಕಮ್ಮ, ದೊಡ್ಡಮ್ಮಂದಿರ ಸಮೇತ ಕೊಳ್ಳಬಹುದಿತ್ತು. ಹಾಗಾಗಿ ಹೊಸದರ ಆಸೆ ಬಿಟ್ಟೆ. ಆಗೆಲ್ಲ ತೋಟ ಮಾರಿ ತಮ್ಮ ದೇಶಕ್ಕೆ ಹೋಗುತ್ತಿದ್ದ ಬಿಳಿಯರು ಬಂಗಲೆಯ ಸಾಮಾನನ್ನು ಜಗಲಿಯಲ್ಲಿ ಹರಡಿ ಮಾರುತ್ತಿದ್ದರು. ಅಂಥದೊಂದು ಮಾರಾಟ ಕುಶಾಲನಗರದ ಆಚೆ, ಹಾರಂಗಿ ಹೊಳೆಯ ಹತ್ತಿರದ ಬಂಗಲೆಯಲ್ಲಿದೆಯೆಂದು ದೊರೆಯೇ ತಿಳಿಸಿದರು. ಆ ಮನೆಯ ದೊರೆ ತೀರಿಕೊಂಡಿದ್ದರು, ದೊರೆಸಾನಿ ಒಬ್ಬರೇ ಊರಿಗೆ ಹೊರಟಿದ್ದರು, ಮೀನಿನ ಕೋಲುಗಳಿದ್ದವು.

ಹೊರಡುವ ಮೊದಲು ದೊರೆ ನನಗೆ ಉಪದೇಶ ಮಾಡಿದರು, ನಾನು ಅದನ್ನು ಚೆಕ್‌ರೋಲಿನ ಹಿಂಬದಿಯಲ್ಲಿ ಬರೆದುಕೊಂಡೆ. ಮೊದಲ ಕೋಲು ಉದ್ದ ಇರಬಾರದು, ಎಂಟು ಒಂಬತ್ತು ಅಡಿ ಸಾಕು. ತುಂಡುಗಳು ಸೇರುವ ಹಿತ್ತಾಳೆಯ ಕೊಳವೆಗಳನ್ನು ಬಿಚ್ಚಿ ನೋಡಬೇಕು. ಎಳೆದಾಗ ಬಾಟಲಿಯ ಬಿರಡೆ ತೆಗೆದ ಹಾಗೆ ಸದ್ದು ಬಂದರೆ ಒಳ್ಳೆಯದು. ದುಡ್ಡೆಲ್ಲ ಕೋಲಿಗೂ ದಾರಕ್ಕೂ ಹಾಕಬೇಕು. ರೀಲು ಎಂದರೆ ದಾರ ಇಡುವ ಡಬ್ಬಿ, ಅಷ್ಟೇ. ಅದರ ಚೆಂದಕ್ಕೆ ಮರುಳಾಗಬೇಡ. ಈ ಕೊನೆಯ ಮಾತಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ.

ಅತ್ತೆಯೂ ನನ್ನ ಜೊತೆ ಹೊರಟರು. ಕೋಲಿಗಾಗಿ ಅಲ್ಲ. ಬಿಳಿಯರ ಬಂಗಲೆಯಲ್ಲಿ ಜಾಮು ಕಾಯಿಸುವ ದೊಡ್ಡ ತಾಮ್ರದ ಬಾಣಲೆ ಇರುತ್ತದೆ, ಅದು ಬೇಕೆಂದು ಅವರಿಗೆ ಬಹಳ ದಿನದ ಆಸೆ. ಸೆರಗಿನ ತುದಿಯಲ್ಲಿ ತಮ್ಮದೇ ದುಡ್ಡನ್ನು ಗಂಟು ಹಾಕಿಕೊಂಡಿದ್ದರು. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತಿದ್ದೆವು, ನನ್ನ ತಲೆಯಲ್ಲಿ ಕೋಲು, ಅವರ ತಲೆಯಲ್ಲಿ ಬಾಣಲೆ.

ಬಂಗಲೆಯ ಜಗಲಿಯಲ್ಲಿ ಕುರ್ಚಿ, ಕನ್ನಡಿ, ಪಿಂಗಾಣಿ, ಒಂದು ಜಿಂಕೆಯ ತಲೆ, ಎಲ್ಲ ಇದ್ದವು. ದೊರೆಸಾನಿ ಮೂಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತು ಯಾರು ಏನು ಮುಟ್ಟುತ್ತಾರೆ ಎಂದು ನೋಡುತ್ತಿದ್ದರು. ತೆಳ್ಳಗೆ, ಬಿಸಿಲಿಗೆ ಒಣಗಿದ ಹೆಂಗಸು. ಅರವತ್ತು ದಾಟಿರಬೇಕು. ಛತ್ರಿ ಇಡುವ ಬುಟ್ಟಿಯಲ್ಲಿ ಮೂರು ಕೋಲುಗಳಿದ್ದವು. ಅವುಗಳ ಮುಂದೆ ನನಗಿಂತ ಮೊದಲೇ ಒಬ್ಬರು ನಿಂತಿದ್ದರು. ಸೈನ್ಯದಿಂದ ನಿವೃತ್ತರಾದ ಕೊಡವ ಸುಬೇದಾರರು, ಮೂರ್ನಾಡಿನವರೇ. ಮೀಸೆ ಎರಡೂ ಕಡೆ ಕಿವಿಯ ಕಡೆಗೆ ಹೊರಟಿತ್ತು.

ಒಂದು ಕೋಲು ಹದಿಮೂರು ಹದಿನಾಲ್ಕು ಅಡಿ, ಎರಡು ಕೈಯಲ್ಲಿ ಹಿಡಿಯುವಂಥದ್ದು. ಸುಬೇದಾರರು ಅದನ್ನು ಜೋಡಿಸಿ ಜಗಲಿಯಿಂದ ಹೊರಗೆ ಚಾಚಿ ನಿಂತಿದ್ದರು. "ನೋಡಿ ರೈಟರೇ, ರಾಡ್ ಅಂದ್ರೆ ಲಂಬಾ ಇರ್ಬೇಕು. ಮೀನು ಆಚೆ ದಡದಲ್ಲಿ ಇದ್ರೆ ಈಚೆಯಿಂದ್ಲೇ ಮುಟ್ಟಿಸ್ಬೋದು," ಎಂದರು. ಎರಡನೆಯದು ಎಂಟೂವರೆ ಅಡಿಯ ಸೀಳುಬಿದಿರಿನ ಕೋಲು. ಬಿದಿರನ್ನು ಆರು ಸೀಳಾಗಿ ಸೀಳಿ, ಒಂದಕ್ಕೊಂದು ಅಂಟಿಸಿ, ಜೇನಿನ ಬಣ್ಣದ ವಾರ್ನಿಷು ಬಳಿದು, ಕೆಂಪು ರೇಷ್ಮೆ ದಾರದಿಂದ ಅಲ್ಲಲ್ಲಿ ಸುತ್ತಿ ಮಾಡಿದ್ದು. ನೋಡಿದ ಕೂಡಲೇ ಮನಸ್ಸಿಗೆ ಬಂತು. ಮೂರನೆಯದು ಮಾಸಿದ ಕ್ಯಾನ್‌ವಾಸು ಚೀಲದೊಳಗಿತ್ತು. ಹೊರತೆಗೆದರೆ ಕಪ್ಪಾದ ಬಿದಿರು, ಹಿಡಿಕೆಯ ಕಾರ್ಕಿನಲ್ಲಿ ಹೆಬ್ಬೆರಳಿನ ಜಾಗ ಸವೆದು ಗುಂಡಿಯಾಗಿತ್ತು, ಸುತ್ತಿದ ದಾರ ಮೂರು ಬಣ್ಣದ್ದು. ಅದನ್ನು ನಾನು ಚೀಲಕ್ಕೆ ಹಿಂದಿರುಗಿಸಿದೆ.

ಪಕ್ಕದ ಮೇಜಿನ ಮೇಲೆ ರೀಲುಗಳಿದ್ದವು. ಒಂದು ಸಣ್ಣದು, ಬೂದುಬಣ್ಣದ್ದು, ಷರಟಿನ ಜೇಬಿಗೆ ಹಾಕಿಕೊಂಡರೆ ಇದೆಯೆಂದು ಗೊತ್ತಾಗದಷ್ಟು ಹಗುರ. ಇನ್ನೊಂದು ಹಿತ್ತಾಳೆಯದು, ಅಂಗೈಗಿಂತ ದೊಡ್ಡದು, ದಂತದ ಹಿಡಿ. ನಾನು ಅದರ ಹಿಡಿ ತಿರುಗಿಸಿದೆ. ಕಿರ್‌ರ್‌ರ್ ಎಂದಿತು. ಬಂಡೆಯ ಮೇಲೆ ನನ್ನ ಕೈಯಲ್ಲಿ ಕಿರುಚಿದ್ದಕ್ಕಿಂತ ಹತ್ತುಪಟ್ಟು ಗಂಭೀರವಾದ ಸದ್ದು. ಮತ್ತೊಮ್ಮೆ ತಿರುಗಿಸಿದೆ. ಎರಡು ಗೆರೆ ಎಳೆದುಕೊಂಡ ಉಪದೇಶ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ನಾಲ್ಕನೆಯ ಸಲ ತಿರುಗಿಸುವ ಹೊತ್ತಿಗೆ ನಾನು ಅದನ್ನು ಕೊಂಡಾಗಿತ್ತು. ಹಂದಿಮರಿಯಲ್ಲಿ ಬಾಲ, ಕಿವಿ, ಒಂದು ಕಾಲು ಮಾತ್ರ ಉಳಿಯಿತು.

ಉಳಿದ ದುಡ್ಡಿಗೆ ಜೇನುಬಣ್ಣದ ಕೋಲು ಬರುತ್ತದೆಯೇ ಎಂದು ನಾನು ಲೆಕ್ಕ ಹಾಕುತ್ತ ನಿಂತಾಗ ಅತ್ತೆ ಬಂದರು. ಬಾಣಲೆ ಸಿಕ್ಕಿತ್ತು, ಚೌಕಾಸಿ ಇನ್ನೂ ಮುಗಿದಿರಲಿಲ್ಲ. ನನ್ನ ಕೈಯಲ್ಲಿದ್ದ ಕೋಲನ್ನು ತೆಗೆದುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಅದರ ಉದ್ದಕ್ಕೂ ಹೆಬ್ಬೆರಳಿನ ಉಗುರು ಎಳೆದರು. ನಡುವಿನ ತುಂಡಿನಲ್ಲಿ ಒಂದು ಕಡೆ ಉಗುರು ನಿಂತಿತು. ಅಲ್ಲಿ ಕೆಂಪು ರೇಷ್ಮೆಯನ್ನು ಬೇರೆ ಕಡೆಗಿಂತ ಸ್ವಲ್ಪ ಹೆಚ್ಚೇ ಸುತ್ತಿದ್ದರು. ಕೋಲನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿದರು.

"ಇದರ ಹೊಟ್ಟೆಲಿ ಬಿರುಕು ಉಟ್ಟು. ಮೇಲೆ ಚೆಂದ ಮಾಡಿ ಮುಚ್ಚಿಯೊಳೊ," ಎಂದರು.

ನಾನೂ ಕಿವಿಯಿಟ್ಟು ಕೇಳಿದೆ. ಒಣಗಿದ ಎಲೆ ತುಳಿದಂಥ ಸಣ್ಣ ಸದ್ದು. ಅಂಟು ಬಿಟ್ಟುಹೋಗಿತ್ತು. ಅತ್ತೆ ಅದನ್ನು ಬುಟ್ಟಿಗೆ ಹಾಕಿ, ಕ್ಯಾನ್‌ವಾಸು ಚೀಲದ ಕಪ್ಪು ಕೋಲನ್ನು ತೆಗೆದು ಜೋಡಿಸಿದರು. ಉಗುರು ಎಲ್ಲಿಯೂ ನಿಲ್ಲಲಿಲ್ಲ. ಒಂದು ಬೆರಳಿನ ಮೇಲೆ ಅಡ್ಡ ಇಟ್ಟು ತೂಗಿದರು, ಹಿಡಿದು ಒಮ್ಮೆ ಅಲುಗಿಸಿದರು. ಅಲುಗಾಟ ಹಿಡಿಕೆಯಿಂದ ಹೊರಟು ತುದಿಯವರೆಗೆ ಹೋಗಿ ಅಲ್ಲೇ ನಿಂತುಹೋಯಿತು. ಬಿದಿರು ಕಡಿದವರಿಗೆ ಮಾತ್ರ ತಿಳಿಯುವಂಥದ್ದೇನೋ ಅದರಲ್ಲಿತ್ತು. ಅವರ ಮುಖದಲ್ಲಿ ಬಾಣಲೆ ಮರೆತುಹೋದದ್ದು ನನಗೆ ಕಾಣಿಸಿತು.

ಅಷ್ಟರಲ್ಲಿ ಬೆತ್ತದ ಕುರ್ಚಿ ಕಿರ್ರೆಂದಿತು. ದೊರೆಸಾನಿ ಎದ್ದು ಬಂದು, ತಮ್ಮ ಎಸ್ಟೇಟ್ ಕನ್ನಡದಲ್ಲಿ, "ಇದು ಮಾರೋದು ಇಲ್ಲ. ಇದು ನಂದು," ಎಂದರು. ಅಲ್ಲಿ ಇಡಬಾರದಿತ್ತು, ಸಾಮಾನು ಹೊರಗಿಟ್ಟವರು ತಪ್ಪಿ ಇಟ್ಟಿದ್ದರು. ಆಮೇಲೆ ತಿಳಿದದ್ದು, ಉದ್ದನೆಯದೂ ಚೆಂದದ್ದೂ ಗಂಡನವು. ಅವರು ಅವುಗಳನ್ನು ಒರೆಸಿ ಅತಿಥಿಗಳಿಗೆ ತೋರಿಸುತ್ತಿದ್ದರಂತೆ. ಹೊಳೆಗೆ ಹೋಗಿ ಮೀನು ತರುತ್ತಿದ್ದದ್ದು ಇವರು, ಈ ಕಪ್ಪು ಕೋಲಿನಿಂದ.

ಅತ್ತೆಗೆ ಇಂಗ್ಲಿಷು ಬರುತ್ತಿರಲಿಲ್ಲ, ದೊರೆಸಾನಿಯ ಎಸ್ಟೇಟ್ ಕನ್ನಡ ಅತ್ತೆಯ ಅರೆಭಾಷೆಯವರೆಗೆ ಬರುತ್ತಿರಲಿಲ್ಲ. ಅತ್ತೆ ಕೋಲನ್ನು ಹಿಂದೆ ಕೊಡಲಿಲ್ಲ. ಮಧ್ಯದ ಒಂದು ಗಂಟನ್ನು ತೋರಿಸಿ, ಬೆರಳಿನಲ್ಲಿ ಏನೋ ಕೇಳಿದರು. ದೊರೆಸಾನಿ ಬಗ್ಗಿ ನೋಡಿ, ತಲೆ ಅಲ್ಲಾಡಿಸಿ, ಕೈಯಲ್ಲೇ ಏನೋ ಉತ್ತರ ಹೇಳಿದರು. ಇಬ್ಬರೂ ಮಾತಾಡುತ್ತಿದ್ದರು, ಅವರವರ ಭಾಷೆಯಲ್ಲಿ, ಮತ್ತು ನನಗೆ ಎರಡೂ ಅರ್ಥವಾಗುತ್ತಿದ್ದರೂ ಅವರು ಏನು ಮಾತಾಡುತ್ತಿದ್ದಾರೆಂದು ನನಗೊಬ್ಬನಿಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿಗೆ ದೊರೆಸಾನಿ ಸಣ್ಣ ಬೂದು ರೀಲನ್ನು ಕೋಲಿಗೆ ಸಿಕ್ಕಿಸಿ, ದಾರ ಪೋಣಿಸಿ, ತುದಿಗೆ ಕೊಕ್ಕೆಯ ಬದಲು ಒಂದು ಉಣ್ಣೆಯ ಚೂರು ಕಟ್ಟಿ, ಅಂಗಳದ ಹುಲ್ಲಿಗೆ ಇಳಿದರು. ಹಿಂದಕ್ಕೆ, ತಡೆ, ಮುಂದಕ್ಕೆ. ಉಣ್ಣೆ ಹೋಗಿ ಒಂದು ಗುಲಾಬಿ ಗಿಡದ ಬುಡದಲ್ಲಿ ಕುಳಿತಿತು.

ಇದರಲ್ಲಿ ಮೀನು ಹಿಡಿಯುವವರು ಯಾರು ಎಂದು ದೊರೆಸಾನಿ ಕೇಳಿದರು. ನಾನೇ ಎಂದು ಮುಂದೆ ಹೋದೆ. ದೊರೆಯನ್ನು ಅಷ್ಟು ಭಾನುವಾರ ನೋಡಿದ್ದೇನೆ, ನನಗೇನು ಕಷ್ಟ ಎಂದುಕೊಂಡೆ. ಕತ್ತಿ ಬೀಸಿದಂತೆ ಬೀಸಿದೆ. ದಾರ ಹಿಂದೆ ಹೋದದ್ದು ಸರಿಯಾಗಿತ್ತು, ಮುಂದೆ ಬರುವ ದಾರಿಯಲ್ಲಿ ಜಗಲಿಯ ಮೆಟ್ಟಿಲಿಳಿಯುತ್ತಿದ್ದ ಸುಬೇದಾರರ ಕೊರಳಿಗೆ ಮೂರು ಸುತ್ತು ಬಿತ್ತು, ಹಾರ ಹಾಕಿದ ಹಾಗೆ. ಉಣ್ಣೆಯ ಚೂರು ಮೀಸೆಯಲ್ಲಿ ನಿಂತಿತು. ಅವರು ಯುದ್ಧ ನೋಡಿದವರು, ಅಲ್ಲಾಡದೆ ನಿಂತು ಬಿಡಿಸಿಕೊಂಡರು. ಎರಡನೆಯ ಸಲ ಸುಬೇದಾರರು ತಾವಾಗಿಯೇ ದೂರ ಹೋಗಿದ್ದರಿಂದ ದಾರ ನನಗೇ ಸುತ್ತಿಕೊಂಡಿತು.

ದೊರೆಸಾನಿ ಕೋಲನ್ನು ನನ್ನ ಕೈಯಿಂದ ತೆಗೆದು ಅತ್ತೆಗೆ ಕೊಟ್ಟರು. ಅತ್ತೆ ಸೆರಗು ಸಿಕ್ಕಿಸಿಕೊಂಡರು. ಮೊದಲ ಸಲ ದಾರ ಕಾಲ ಬಳಿ ಬಿತ್ತು. ಎರಡನೆಯ ಸಲ ಸ್ವಲ್ಪ ದೂರ. ಮೂರನೆಯ ಸಲ ಅವರು ಹಿಂದಕ್ಕೆ ಬೀಸಿ, ಅಲ್ಲಿ ತಡೆದರು. ತಡೆದು, ದಾರದ ತೂಕ ಕೈಗೆ ಬರುವವರೆಗೂ ಕಾದರು. ಮೊರದಲ್ಲಿ ಅಕ್ಕಿ ಕೇರುವವರಿಗೆ ಆ ಕಾಯುವುದು ಗೊತ್ತಿರುತ್ತದೋ ಏನೋ. ಆಮೇಲೆ ಮುಂದಕ್ಕೆ ಬಿಟ್ಟರು. ಉಣ್ಣೆ ಗುಲಾಬಿ ಗಿಡದ ಹತ್ತಿರ, ಒಂದು ಮಾರು ಈಚೆಗೆ, ಮೆತ್ತಗೆ ಇಳಿಯಿತು. ದೊರೆಸಾನಿ ನಕ್ಕರು. ಅವರು ಬೆಳಿಗ್ಗೆಯಿಂದ ನಕ್ಕಿರಲಿಲ್ಲವೆಂದು ನನಗೆ ಅನ್ನಿಸಿತು.

ಕೋಲನ್ನು ಮಾರುತ್ತೇನೆ ಎಂದರು. ಬೆಲೆ ಕೇಳಿದೆ. ನನ್ನ ಕಡೆ ತಿರುಗಿ, ನಿನಗಲ್ಲ, ಆಕೆಗೆ ಎಂದರು. ಬೆಲೆಯೂ ಸರಿಯಾಗಿ ಬಾಣಲೆಯಷ್ಟೇ ಹೇಳಿದರು. ಅತ್ತೆ ಒಂದು ಸಲ ಬಾಣಲೆಯ ಕಡೆ ನೋಡಿದರು. ಅದು ಬಿಸಿಲಿಗೆ ಹೊಳೆಯುತ್ತ ಕುಳಿತಿತ್ತು. ಸೆರಗಿನ ಗಂಟು ಬಿಚ್ಚಿದರು. ನನ್ನ ಹಂದಿಮರಿಯಲ್ಲಿ ಉಳಿದಿದ್ದ ಬಾಲ, ಕಿವಿ, ಕಾಲುಗಳಿಗೆ ರೇಷ್ಮೆ ದಾರ ಬಂತು. ಬೂದು ರೀಲನ್ನು ಸುಬೇದಾರರು ಆಗಲೇ ತಮ್ಮ ಉದ್ದ ಕೋಲಿನ ಜೊತೆ ಸೇರಿಸಿ ಮಾತಾಡಿ ಮುಗಿಸಿದ್ದರು.

ಹೀಗೆ ನಾವು ಮನೆಗೆ ಬಂದಾಗ ಕೋಲು ಅತ್ತೆಯದು, ರೀಲು ನನ್ನದು. ಒಬ್ಬರನ್ನು ಬಿಟ್ಟು ಒಬ್ಬರು ಮೀನು ಹಿಡಿಯುವಂತಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಬಾಣಲೆ ಎಲ್ಲಿ ಎಂದಳು, ಆಮೇಲೆ ಉಳಿದ ದುಡ್ಡೆಲ್ಲಿ ಎಂದಳು, ಆಮೇಲೆ ಹಿತ್ತಲಿನ ಗೂಟಗಳನ್ನು ನೋಡಲು ಹೋದಳು. ಮುಂದಿನ ವಾರ ತನ್ನ ಕೋಳಿಮೊಟ್ಟೆಯ ದುಡ್ಡಿನಲ್ಲಿ ತಾನೇ ಒಂದು ಹಂದಿಮರಿ ತಂದುಕೊಂಡಳು. ಅದು ಬಹಳ ಚೆನ್ನಾಗಿ ಬೆಳೆಯಿತು, ದಿನವೂ ಬೆಳೆಯಿತು, ಮತ್ತು ಅದನ್ನು ನನಗೆ ದಿನವೂ ತೋರಿಸಲಾಯಿತು.

ಭಾನುವಾರ ದೊರೆ ನಮ್ಮ ಖರೀದಿಯನ್ನು ಪರೀಕ್ಷಿಸಿದರು. ಕೋಲನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ನೋಡಿದರು. ಇದನ್ನು ಆರಿಸಿದ್ದು ಯಾರು ಎಂದರು. ನಾನು ಅತ್ತೆಯನ್ನು ತೋರಿಸಿದೆ. ಅವರು ಟೋಪಿ ತೆಗೆದರು. ಆಮೇಲೆ ರೀಲನ್ನು ನೋಡಿ, ಇದನ್ನು ಆರಿಸಿದ್ದು ಯಾರೆಂದು ಕೇಳುವುದಿಲ್ಲ ಎಂದರು. ಆ ಹಿತ್ತಾಳೆ ಉಂಡೆಯನ್ನು ಸಿಕ್ಕಿಸಿದಾಗ ಕೋಲಿನ ಬುಡ ನೆಲಕ್ಕೆ ಜಗ್ಗುತ್ತಿತ್ತು, ತುದಿ ಆಕಾಶ ನೋಡುತ್ತಿತ್ತು. ಅರ್ಧ ಗಂಟೆ ಬೀಸಿದರೆ ಮಣಿಕಟ್ಟು ಸೋಲುತ್ತಿತ್ತು. ಆದರೂ ಅದರ ಸದ್ದಿಗಾಗಿ ನಾನು ಅದನ್ನು ಬಿಟ್ಟುಕೊಡಲಿಲ್ಲ. ಮೀನಿಲ್ಲದಾಗಲೂ ಆಗಾಗ ತಿರುಗಿಸುತ್ತಿದ್ದೆ.

ಸರದಿ ಪ್ರಕಾರ ಹಿಡಿಯುವುದೆಂದು ಒಪ್ಪಂದವಾಯಿತು. ನಾನು ಹತ್ತು ಸಲ ಬೀಸುವುದು, ಅತ್ತೆ ಹತ್ತು ಸಲ. ನನ್ನ ಹತ್ತರಲ್ಲಿ ನಾಲ್ಕು ಹಿಂದಿನ ಹೊಂಗೆ ಮರಕ್ಕೆ ಹೋಗುತ್ತಿದ್ದವು. ಮರ ಹತ್ತಿ ಕೊಕ್ಕೆ ಬಿಡಿಸುವಾಗ ಅತ್ತೆ ಕೆಳಗೆ ನಿಂತು ಯಾವ ಕೊಂಬೆ ಒಣಗಿದೆ ಎಂದು ಹೇಳುತ್ತಿದ್ದರು. ಮೂರನೆಯ ಭಾನುವಾರ, ಕೊಕ್ಕೆ ಬಿಡಿಸಿ ಕೆಳಗೆ ಬಿಟ್ಟ ನಾನು ಇನ್ನೂ ಮರದಲ್ಲಿರುವಾಗಲೇ, ಅತ್ತೆಯ ಸರದಿಯಲ್ಲಿ, ರೀಲು ಕಿರುಚಿತು. ಕೆಳಗೆ ನೋಡಿದರೆ ಅತ್ತೆ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾರೆ, ಕೋಲು ಬಿಲ್ಲಾಗಿದೆ. ನಾನು ಮೇಲಿನಿಂದ, ಹಿಡಿಯಿರಿ, ಹಿಡಿಯಿರಿ ಎಂದು ಕೂಗಿದೆ. ಹಾಗೆ ಹಿಡಿದರೆ ಏನಾಗುತ್ತದೆಂದು ತಿಳಿದವನು ನಾನೊಬ್ಬನೇ, ಆದರೂ ಕೂಗಿದೆ.

"ಓಡ್ಲಿ ಬುಡಿ," ಎಂದರು ಅತ್ತೆ, ತಿರುಗಿ ನೋಡದೆ. "ಓಡಿ ಸುಸ್ತಾಗ್ಲಿ."

ಅದು ಓಡಿತು. ಸುಸ್ತಾಯಿತು. ಬಂತು. ಮೊಳದುದ್ದದ ಬಿಳಿಮೀನು, ಒಂದೊಂದು ಹುರುಪೆಯೂ ಎಂಟಾಣೆಯಷ್ಟು. ಅತ್ತೆ ಅದನ್ನು ಕೂಳಿಯ ಬುಟ್ಟಿಗೆ ಜಾರಿಸಿಕೊಂಡು, ಗರಿಯನ್ನು ಅದರ ತುಟಿಯಿಂದ ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಂಬಿಕೆ ಬಂದಂತಿತ್ತು. ಆ ದಿನದ ಸಾರಿಗೆ ಹುಣಸೆಯ ಬದಲು ಕಾಚಂಪುಳಿ ಹಾಕಿದ್ದರು. ಹೆಂಡತಿ ಎರಡನೆಯ ಸಲ ಬಡಿಸಿಕೊಂಡಳು.

ರೀಲಿನ ಸಮಸ್ಯೆ ಮೂರ್ನಾಡಿನ ಸಂತೆಯಲ್ಲಿ ಬಗೆಹರಿಯಿತು. ಅತ್ತೆಯ ಜೊತೆ ಹೋಗಿದ್ದಾಗ ಸುಬೇದಾರರು ಸಿಕ್ಕರು. ಮೀನು ಹೇಗಿದೆ ಎಂದು ಕೇಳಿದರೆ ಮಾತು ಬದಲಿಸಿದರು. ಅತ್ತೆ ಬಿಡಲಿಲ್ಲ. ಕೊನೆಗೆ ಅವರು ಒಪ್ಪಿಕೊಂಡರು: ಉದ್ದ ಕೋಲಿಗೆ ಆ ಚಿಕ್ಕ ರೀಲು ಸಾಲುತ್ತಿಲ್ಲ, ಬೇಕಾದಷ್ಟು ದಾರ ಹಿಡಿಯುವುದಿಲ್ಲ, ತುದಿ ಭಾರವಾಗಿ ಮುಂದಕ್ಕೆ ಮುಗ್ಗರಿಸುತ್ತದೆ. ಅತ್ತೆ ನನ್ನ ಮುಖ ನೋಡಿದರು. ನಾನು ಬಾಳೆಗೊನೆಗಳ ಕಡೆ ನೋಡಿದೆ. ಅವರು ನೋಡುತ್ತಲೇ ಇದ್ದರು. ಮುಂದಿನ ಸಂತೆಯ ದಿನ ನಾನು ಹಿತ್ತಾಳೆ ರೀಲನ್ನು ಟವಲಿನಲ್ಲಿ ಸುತ್ತಿ ತಂದು, ಕೊನೆಯ ಸಲ ಒಮ್ಮೆ ತಿರುಗಿಸಿ, ಸುಬೇದಾರರಿಗೆ ಕೊಟ್ಟು, ಬೂದು ರೀಲನ್ನು ಪಡೆದುಕೊಂಡೆ. ಅವರೂ ಅಲ್ಲೇ ನಿಂತು ಅದನ್ನು ತಿರುಗಿಸತೊಡಗಿದರು. ಅವರ ಮುಖ ಅರಳಿದ್ದು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಬೂದು ರೀಲು ಸದ್ದು ಮಾಡುತ್ತಿರಲಿಲ್ಲ, ಮಾಡಿದರೂ ಅದು ಪಿಸುಮಾತು. ಆದರೆ ಕೋಲು ಬೆರಳಿನ ಮೇಲೆ ನೆಟ್ಟಗೆ ನಿಂತಿತು. ಬೀಸಿದರೆ ಕೈಯಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತಿತ್ತು. ಹೊಂಗೆ ಮರಕ್ಕೆ ಹತ್ತುವುದು ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ಪ್ರತಿ ಸಂಜೆ ರೇಷ್ಮೆ ದಾರವನ್ನು ಹಿತ್ತಲಿನ ಬಟ್ಟೆಯ ಹಗ್ಗದ ಪಕ್ಕದಲ್ಲಿ ಒಣಹಾಕಿ ಎಣ್ಣೆ ಸವರಬೇಕಿತ್ತು. ಅದು ನನ್ನ ಕೆಲಸವಾಯಿತು. ದಾರವಾದರೂ ನನ್ನದಾಗಿತ್ತಲ್ಲ.

ನನ್ನ ಮೊದಲ ಮೀನು ಬಂದದ್ದು ಮೊದಲ ಮಳೆ ಬಿದ್ದ ಮೇಲೆ, ಹೊಳೆ ಇನ್ನೂ ಕೆಂಪಾಗದ ವಾರದಲ್ಲಿ. ಅತ್ತೆ ದಡದಲ್ಲಿ ನನಗೆ ಬೆನ್ನು ಹಾಕಿ ಕೆಸುವಿನ ಎಲೆ ಕೊಯ್ಯುತ್ತಿದ್ದರು. ಅವರು ನೋಡುತ್ತಿಲ್ಲವೆಂಬ ಕಾರಣಕ್ಕೋ ಏನೋ, ಆ ಒಂದು ಸಲ ನಾನು ದಾರವನ್ನು ಹಿಂದೆ ತಡೆದೆ, ತೂಕ ಕೈಗೆ ಬರುವವರೆಗೂ ತಡೆದೆ. ಗರಿ ಬಂಡೆಯ ಮಗ್ಗುಲಲ್ಲಿ, ನೀರು ಸುಳಿಯುವ ಜಾಗದಲ್ಲಿ ಇಳಿಯಿತು. ಒಂದು ಮೂತಿ ಮೇಲೆ ಬಂದು ಅದನ್ನು ತೆಗೆದುಕೊಂಡಿತು. ಎಷ್ಟು ಸರಳವಾಗಿ ತೆಗೆದುಕೊಂಡಿತೆಂದರೆ ನನಗೆ ನಂಬಲಾಗಲಿಲ್ಲ. ಕೂಗಬೇಕೆನಿಸಿತು, ಬಾಯಿ ತೆರೆದರೆ ಹೋಗುತ್ತದೆಯೆಂದು ಕಚ್ಚಿಕೊಂಡೆ. ಕೈಗಳು ಮಾತ್ರ ರೀಲಿನ ಕಡೆ ಹೋಗಲಿಲ್ಲ. ಅದು ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ತೆಳುನೀರಿನಲ್ಲಿ ಮಗ್ಗುಲಾಗಿ ಮಲಗಿತು. ಒಂದು ಗೇಣಿನ ಕೆಂಡೆ ಮೀನು.

ಅತ್ತೆ ಕೆಸುವಿನ ಕಟ್ಟನ್ನು ಇಟ್ಟು ಬಂದು ಬಗ್ಗಿದರು. ಮೀನನ್ನು ನೀರಿನಲ್ಲೇ ಹಿಡಿದು ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಹೆಣ್ಣ್. ಮೊಟ್ಟೆ ಉಟ್ಟು," ಎಂದರು. ಆಮೇಲೆ ನೀವೇ ಹೇಳಿ ಎನ್ನುವಂತೆ ನನ್ನ ಮುಖ ನೋಡಿದರು.

ಅಷ್ಟು ತಿಂಗಳು ಕಾದದ್ದು. ನಾನು ಕೊಕ್ಕೆ ಬಿಡಿಸಿದೆ, ಅಂಗೈಯಲ್ಲಿ ಅದನ್ನು ಹರಿವಿಗೆ ಮುಖಮಾಡಿ ಹಿಡಿದೆ. ಸ್ವಲ್ಪ ಹೊತ್ತು ಅಲ್ಲೇ ಉಸಿರಾಡಿಕೊಂಡಿತ್ತು, ಆಮೇಲೆ ಕೈ ಖಾಲಿಯಾಯಿತು. ದುಃಖವಾಯಿತೆಂದು ಹೇಳಲಾರೆ. ನಗುವೇ ಬಂತು, ಏಕೆಂದು ತಿಳಿಯಲಿಲ್ಲ. ಅತ್ತೆ ನೀರಿನಲ್ಲಿ ಕೈ ತೊಳೆದು ಕೆಸುವಿನ ಕಟ್ಟನ್ನು ತಲೆಯ ಮೇಲಿಟ್ಟುಕೊಂಡರು. ನಾನು ಕೋಲು ಬಿಚ್ಚಿ ಚೀಲಕ್ಕೆ ಹಾಕಿದೆ, ತುಂಡು ಎಳೆದಾಗ ಒಳ್ಳೆಯ ಸದ್ದು ಬಂತು. ದಾರಿಯುದ್ದಕ್ಕೂ ನಾವು ಪತ್ರೊಡೆಗೆ ಅಕ್ಕಿ ನೆನೆಹಾಕಿದೆಯೋ ಇಲ್ಲವೋ ಎನ್ನುವುದನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ.

ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಖಾಲಿ ಬುಟ್ಟಿಯನ್ನು ನೋಡಿ, ಇವತ್ತೂ ಇಲ್ಲವೇ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಸಿಕ್ಕಿತು, ಅಳಿಯಂದಿರಿಗೇ ಸಿಕ್ಕಿತು, ಮೊಟ್ಟೆ ಇತ್ತೆಂದು ಬಿಟ್ಟರು ಎಂದು ಹೇಳಿದರು. ಎಷ್ಟು ದೊಡ್ಡದು ಎಂದು ಹೆಂಡತಿ ಕೇಳಿದಳು. ಅತ್ತೆ ತಲೆಯ ಮೇಲಿನ ಕಟ್ಟನ್ನು ಇಳಿಸಿ, ಎರಡೂ ಕೈಗಳನ್ನು ಎದುರಿಗೆ ಚಾಚಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, ಒಂದು ಮೊಳಕ್ಕಿಂತ ಹೆಚ್ಚು ಅಗಲಿಸಿ ತೋರಿಸಿದರು.

ನಾನು ದಾರ ಒಣಹಾಕಲು ಹಗ್ಗದ ಕಡೆ ಹೋದೆ.